ಸೆಪ್ಟೆಂಬರ್ ಇಪ್ಪತ್ತೆರಡು

ನುಂಗಂಬಾಕ್ಕಂ, ಚೆನ್ನೈ
29 ಆಗಸ್ಟ್ 2025

ಶ್ರೀ ಮಹಾಲಿಂಗಪ್ಪನವರಿಗೆ ಅಂಬುಜಮ್ಮನ ನಮಸ್ಕಾರಗಳು.

ನನ್ನ ಪರಿಚಯ ನಿಮಗಿಲ್ಲ. ಕನ್ನಡ ಸಂಘದ ಮಾಸಪತ್ರಿಕೆಯಲ್ಲಿ ನೀವು ಬರೆಯುವ ‘ಇದೇ ದಿನ’ ಅಂಕಣವನ್ನು ಒಂದು ತಿಂಗಳೂ ತಪ್ಪಿಸದೆ ಓದುವವಳು ನಾನು. ಯಾವ ಯಾವುದೋ ಶತಮಾನದ ಯುದ್ಧಗಳನ್ನು ಹುಡುಕಿ ತಂದು ಒಂದೇ ತಾರೀಖಿಗೆ ಪೋಣಿಸುತ್ತೀರಿ. ಪತ್ರಿಕೆ ಬಂದ ದಿನ ನನ್ನ ಸೊಸೆ ಹರಿಪ್ರಿಯಾ, “ಅಮ್ಮ, ನಿಮ್ಮ ಯುದ್ಧ ಬಂತು” ಎಂದು ತಂದುಕೊಡುತ್ತಾಳೆ.

ಈ ಸಲ ಸೆಪ್ಟೆಂಬರ್ ಇಪ್ಪತ್ತೆರಡನ್ನು ಆರಿಸಿದ್ದೀರಿ. ನೆದರ್ಲೆಂಡ್ಸಿನಲ್ಲಿ ಇಂಗ್ಲಿಷರೂ ಸ್ಪೇನಿನವರೂ ಹೊಡೆದಾಡಿದ್ದು, 1914ರಲ್ಲಿ ಒಂದೇ ಜರ್ಮನ್ ಜಲಾಂತರ್ಗಾಮಿ ಬ್ರಿಟಿಷರ ಮೂರು ಹಡಗು ಮುಳುಗಿಸಿದ್ದು, 1980ರಲ್ಲಿ ಇರಾಕಿನ ಸೇನೆ ಇರಾನಿಗೆ ನುಗ್ಗಿದ್ದು, ಎಲ್ಲ ಬರೆದಿದ್ದೀರಿ. ಆದರೆ ಅದೇ 1914ರ ಅದೇ ದಿನ, ಎಮ್ಡನ್ ಎಂಬ ಜರ್ಮನ್ ಹಡಗು ನಮ್ಮ ಮದ್ರಾಸಿನ ಮೇಲೆಯೇ ಗುಂಡು ಹಾರಿಸಿತಲ್ಲ, ಅದೆಲ್ಲಿ ಹೋಯಿತು? ಹೈಕೋರ್ಟಿನ ಗೋಡೆಗೆ ಅದರ ಗುರುತಿನ ಕಲ್ಲನ್ನೇ ಕೂರಿಸಿದ್ದಾರೆ. ಊರ ಮುಂದಿನದನ್ನು ಬಿಟ್ಟು ಯೂರೋಪಿಗೆ ಯಾಕೆ ಹೋದಿರಿ? ನಮ್ಮ ಮನೆಯಲ್ಲಂತೂ ಆ ದಿನ ಹಬ್ಬ.

ಫೋನಿನಲ್ಲೇ ಕೇಳೋಣವೆಂದಿದ್ದೆ. ನಿಮಗೆ ಫೋನು ಕೇಳಿಸುವುದಿಲ್ಲ, ಕಾಗದ ಬರೆಯಿರಿ ಎಂದು ಸಂಘದವರು ವಿಳಾಸ ಕೊಟ್ಟರು. ಒಳ್ಳೆಯದೇ ಆಯಿತು. ಜಗಳವನ್ನು ಕಾಗದದಲ್ಲಿ ಆಡಿದರೆ ನಡುವೆ ಯಾರೂ ಬಾಯಿ ಹಾಕುವುದಿಲ್ಲ.

ಇತಿ,
ಅಂಬುಜಮ್ಮ


ಪೆರಂಬೂರು
3 ಸೆಪ್ಟೆಂಬರ್ 2025

ಮಾನ್ಯ ಅಂಬುಜಮ್ಮನವರಿಗೆ ಶರಣು.

ನಿಮ್ಮ ಕಾಗದ ತಲುಪಿತು. ಎಮ್ಡನ್ ವಿಷಯ ನನಗೆ ಗೊತ್ತಿಲ್ಲವೆಂದು ತಿಳಿಯಬೇಡಿ. ಈ ಊರಿನಲ್ಲಿ ಚಾಲಾಕಿನ ಮನುಷ್ಯನನ್ನು ಕಂಡರೆ ಆಟೋದವರು ಕೂಡ “ಅವನ್ ಎಮ್ಡನ್” ಎನ್ನುತ್ತಾರೆ. ಎಲ್ಲರಿಗೂ ಗೊತ್ತಿರುವುದಕ್ಕೆ ನನ್ನ ಅರ್ಧ ಪುಟವನ್ನು ಯಾಕೆ ಕೊಡಬೇಕೆಂದು ಬಿಟ್ಟೆ.

ನಾನು ಚಿತ್ರದುರ್ಗದ ಕಡೆಯವನು. ಸೈನ್ಯದ ತೋಪಿನ ದಳದಲ್ಲಿದ್ದೆ, ಸುಬೇದಾರನಾಗಿ ನಿವೃತ್ತನಾದೆ. ಆಮೇಲೆ ಇಲ್ಲಿನ ರೈಲು ಬೋಗಿ ಕಾರ್ಖಾನೆಯಲ್ಲಿ ಕಾವಲಿನ ಕೆಲಸ ಸಿಕ್ಕಿ ಪೆರಂಬೂರಿನವನೇ ಆದೆ. ಈಗ ಮಗ ಶಿವರಾಜ್ ಅದೇ ಕಾರ್ಖಾನೆಯಲ್ಲಿದ್ದಾನೆ. ನನ್ನ ಎಡಗಿವಿ ಪೂರ್ತಿ ಹೋಗಿದೆ. ಬಲಗಿವಿಗೆ, ಎದುರು ಕೂತು ಗಟ್ಟಿಯಾಗಿ ಹೇಳಿದರೆ ಕೇಳಿಸುತ್ತದೆ.

ಒಂದು ಮಾತು ಮಾತ್ರ ಅರ್ಥವಾಗಲಿಲ್ಲ. ಎಮ್ಡನ್ ಹಡಗಿನ ಗುಂಡಿಗೆ ಬಂದರಿನಲ್ಲಿ ಜನ ಸತ್ತಿದ್ದರು, ಎಣ್ಣೆಯ ತೊಟ್ಟಿಗಳು ಹೊತ್ತಿ ಉರಿದಿದ್ದವು. ಅದರಲ್ಲಿ ಹಬ್ಬ ಮಾಡುವುದೇನಿದೆ?

ಇತಿ,
ಸುಬೇದಾರ್ ಮಹಾಲಿಂಗಪ್ಪ


ನುಂಗಂಬಾಕ್ಕಂ
6 ಸೆಪ್ಟೆಂಬರ್ 2025

ಶ್ರೀ ಮಹಾಲಿಂಗಪ್ಪನವರಿಗೆ ನಮಸ್ಕಾರಗಳು.

ಕೇಳಿದಿರಲ್ಲ, ಹೇಳುತ್ತೇನೆ. ಆಗ ನಮ್ಮ ಅಜ್ಜನ ಮನೆ ಬಂದರಿಗೆ ಹತ್ತಿರ, ಲಿಂಗಿ ಚೆಟ್ಟಿ ಬೀದಿಯಲ್ಲಿತ್ತು. ಅಜ್ಜಿಗೆ ದಿನ ತುಂಬಿತ್ತು. ರಾತ್ರಿ ಊಟ ಮುಗಿದಿತ್ತಷ್ಟೆ, ಆಕಾಶ ಹಗಲಿನ ಹಾಗೆ ಬೆಳಗಿತಂತೆ. ಆಮೇಲೆ ಸದ್ದು. ಅಜ್ಜ ಅದನ್ನು ಗುಡುಗೆಂದೇ ತಿಳಿದು, ಒಣಗಹಾಕಿದ್ದ ಹಪ್ಪಳ ತೆಗೆಯಲು ಮಾಳಿಗೆಗೆ ಓಡಿದರು. ಅಲ್ಲಿಂದ ಬಂದರಿನ ಕಡೆ ಬೆಂಕಿ ಕಂಡು, ಕೈಯಲ್ಲಿ ಹಪ್ಪಳವನ್ನು ಹಿಡಿದುಕೊಂಡೇ ಕೆಳಗಿಳಿದು, ಅಜ್ಜಿಯನ್ನು ಒಂದು ಜಟಕಾಗಾಡಿಗೆ ಹತ್ತಿಸಿ ಸಮುದ್ರಕ್ಕೆ ಬೆನ್ನು ಹಾಕಿ ಹೊರಟರು.

ಆಗ ನುಂಗಂಬಾಕ್ಕವೆಂದರೆ ತೋಟ, ತೆಂಗು, ದೊಡ್ಡ ಕೆರೆ. ಕೆರೆಯ ಏರಿಗೆ ಬರುವ ಹೊತ್ತಿಗೆ ಅಜ್ಜಿ “ಇನ್ನು ಆಗೋದಿಲ್ಲ” ಎಂದರು. ನನ್ನ ಅಮ್ಮ ಹುಟ್ಟಿದ್ದು ಆ ಜಟಕಾದಲ್ಲಿ. ಗಾಡಿಯವನು ಕುದುರೆಯ ಮುಖವನ್ನು ಆ ಕಡೆ ತಿರುಗಿಸಿ, ತಾನೂ ತಿರುಗಿ ನಿಂತು ಮುರುಗನ ಹೆಸರು ಹೇಳುತ್ತಿದ್ದನಂತೆ. ಬೆಳಗಾದ ಮೇಲೆ ಊರೆಲ್ಲ ಮದ್ರಾಸು ಬಿಟ್ಟು ಓಡುತ್ತಿತ್ತು. ನಮ್ಮ ಅಜ್ಜ ಮಾತ್ರ ಕೆರೆಯ ಪಕ್ಕದಲ್ಲೇ ಒಂದು ಮನೆ ಬಾಡಿಗೆಗೆ ಹಿಡಿದರು. ಮತ್ತೆ ಬಂದರಿನ ಕಡೆಗೆ ಹೋಗಲೇ ಇಲ್ಲ.

ಮಗುವಿಗೆ ಇಟ್ಟ ಹೆಸರು ರೇಷನ್ ಕಾರ್ಡಿಗೆ ಮಾತ್ರ ಬಂತು. ಬೀದಿಗೆಲ್ಲ ಅಮ್ಮ ‘ಎಮ್ಡನ್’. ತೊಂಬತ್ತು ದಾಟಿ ಬದುಕಿದಳು. ಅವಳು ಹೋದ ಮೇಲೂ ಆ ದಿನ ಕಡಲೆಬೇಳೆ ಬೆಲ್ಲದ ಹಯಗ್ರೀವ ಮಾಡಿ ಹತ್ತು ಜನಕ್ಕೆ ಬಡಿಸುತ್ತೇವೆ. ನಾವು ಹಬ್ಬ ಮಾಡುವುದು ಗುಂಡು ಬಿದ್ದದ್ದಕ್ಕಲ್ಲ. ನಿಮ್ಮ ಅಂಕಣದಲ್ಲಿ ಎಷ್ಟು ತೋಪು, ಎಷ್ಟು ಹಡಗು ಎಂದೆಲ್ಲ ಇರುತ್ತದೆ, ಅಂದು ಯಾರು ಹುಟ್ಟಿದರು ಎಂಬುದೇ ಇರುವುದಿಲ್ಲ.

ಇನ್ನೊಂದು. 1965ರ ಯುದ್ಧ ನಿಂತದ್ದೂ ಇದೇ ದಿನವಲ್ಲವೇ? ನಾನಾಗ ಹೈಸ್ಕೂಲು. ರೇಡಿಯೋ ಕೇಳಿದ ಅಪ್ಪ ಬೀದಿಗೆಲ್ಲ ಕಲ್ಲುಸಕ್ಕರೆ ಹಂಚಿದ್ದರು. ತೋಪಿನ ದಳದವರಾದ ನೀವು ಅದನ್ನೂ ಬಿಟ್ಟಿದ್ದೀರಿ.

ಇಪ್ಪತ್ತೆರಡು ಸೋಮವಾರ, ನವರಾತ್ರಿಯ ಮೊದಲ ದಿನವೂ ಹೌದು. ಗೊಂಬೆ ಕೂರಿಸಿರುತ್ತೇವೆ. ಮನೆಯವರನ್ನು ಕರೆದುಕೊಂಡು ಊಟಕ್ಕೆ ಬನ್ನಿ.

ಇತಿ,
ಎಮ್ಡನ್ ಮಗಳು ಅಂಬುಜಮ್ಮ


ಪೆರಂಬೂರು
10 ಸೆಪ್ಟೆಂಬರ್ 2025

ಮಾನ್ಯರೇ, ಶರಣು.

ಜಟಕಾದ ಸಂಗತಿ ಓದಿ ನಕ್ಕೆ. ಹೆಂಡತಿಗೂ ಓದಿ ಹೇಳಿದೆ. ನಿಮ್ಮ ತಕರಾರು ನ್ಯಾಯವಾದದ್ದು.

ಊಟಕ್ಕೆ ಬರಲಾಗುವುದಿಲ್ಲ. ಆ ದಿನ ನಾನು ಊಟ ಮಾಡುವುದಿಲ್ಲ.

ಇತಿ,
ಮಹಾಲಿಂಗಪ್ಪ


ಪೆರಂಬೂರು
11 ಸೆಪ್ಟೆಂಬರ್ 2025

ಅಂಬುಜಮ್ಮನವರಿಗೆ ನೀಲಗಂಗಮ್ಮ ಮಾಡುವ ಶರಣು.

ನಾನು ಸುಬೇದಾರರ ಹೆಂಡತಿ. ಅವರಿಗೆ ಹೇಳದೆ ಬರೆಯುತ್ತಿದ್ದೇನೆ. ನಿಮ್ಮ ಕಾಗದವನ್ನು ಅವರು ನನಗೆ ಒಮ್ಮೆ ಓದಿ ಹೇಳಿದರು. ಆಮೇಲೆ ತಾವೊಬ್ಬರೇ ಕೂತು ಇನ್ನೂ ಎರಡು ಸಲ ಓದಿಕೊಂಡದ್ದನ್ನು ನೋಡಿದೆ. ಹಪ್ಪಳದ ಹತ್ತಿರ ಬಂದಾಗಲೆಲ್ಲ ಭುಜ ಕುಣಿಯುತ್ತಿತ್ತು.

ನಾನು ಮದುವೆಯಾಗಿ ಬಂದು ಐವತ್ತೈದು ವರ್ಷ. ಆ ಒಂದು ದಿನ ಅವರು ನೀರು ಬಿಟ್ಟು ಬೇರೇನೂ ಮುಟ್ಟಿದ್ದಿಲ್ಲ. ಜೊತೆಗಿದ್ದ ಒಬ್ಬರು ಯುದ್ಧದಲ್ಲಿ ತೀರಿಕೊಂಡರು ಎಂಬಷ್ಟು ಗೊತ್ತು. ಅದರಾಚೆ ಕೇಳಿದರೆ “ಕೇಳಿಸ್ಲಿಲ್ಲ ಗಂಗಾ” ಎನ್ನುತ್ತಾರೆ. ಹಾಲಿನವನು ಬೀದಿಯ ತುದಿಯಲ್ಲಿ ಬೆಲ್ಲು ಮಾಡಿದರೆ ಕೇಳಿಸುತ್ತದೆ, ಇದು ಕೇಳಿಸುವುದಿಲ್ಲ.

ಕಾಗದದಲ್ಲಿ ಕೇಳಿದರೆ ಆ ನೆಪ ನಡೆಯುವುದಿಲ್ಲ. ಅದಕ್ಕೇ, ಅಮ್ಮ, ನೀವು ಇನ್ನೊಂದು ಸಲ ಕೇಳಿ.

ನಿಮ್ಮ
ನೀಲಗಂಗಮ್ಮ


ನುಂಗಂಬಾಕ್ಕಂ
14 ಸೆಪ್ಟೆಂಬರ್ 2025

ಶ್ರೀ ಮಹಾಲಿಂಗಪ್ಪನವರಿಗೆ ನಮಸ್ಕಾರಗಳು.

ಊಟ ಮಾಡುವುದಿಲ್ಲವೆಂದಿರಿ. ಒಳ್ಳೆಯದು, ಮಾಡಬೇಡಿ. ನಮ್ಮ ಮನೆಯಲ್ಲಿ ಏಕಾದಶಿಗೆ ನಿರಾಹಾರ ಮಾಡುವವರನ್ನು ನೋಡಿ ಬೆಳೆದವಳು ನಾನು, ಬಲವಂತ ಮಾಡುವವಳಲ್ಲ. ಬಂದು ಗೊಂಬೆ ನೋಡಿ, ಫ್ಯಾನಿನ ಕೆಳಗೆ ಕೂತು ಹೋಗಿ.

ಆದರೆ ಓದುವವಳಾಗಿ ಒಂದು ಕೇಳುತ್ತೇನೆ. ಊರಿಗೆಲ್ಲ ಗೊತ್ತಿರುವುದೆಂದು ಎಮ್ಡನ್ ಬಿಟ್ಟಿರಿ. 1965ನ್ನು ಬಿಟ್ಟದ್ದು ಯಾರಿಗೂ ಗೊತ್ತಿಲ್ಲದ್ದು ಏನೋ ಅದರಲ್ಲಿ ಇದೆ ಎಂದೇ? ಆ ದಿನ ನಿಮ್ಮ ಪಕ್ಕದಲ್ಲಿ ಯಾರಿದ್ದರು?

ಉತ್ತರ ಬರೆಯದಿದ್ದರೆ ಬೇಜಾರಿಲ್ಲ. ಗೊಂಬೆ ನೋಡಲು ಮಾತ್ರ ಬನ್ನಿ.

ಇತಿ,
ಅಂಬುಜಮ್ಮ


ಪೆರಂಬೂರು
18 ಸೆಪ್ಟೆಂಬರ್ 2025

ಅಂಬುಜಮ್ಮನವರಿಗೆ ಶರಣು.

ಅವನ ಹೆಸರು ಶಿವರಾಮು. ಚನ್ನರಾಯಪಟ್ಟಣದ ಹತ್ತಿರದ ಹಳ್ಳಿಯವನು. ನಾವಿಬ್ಬರೂ ಒಂದೇ ತೋಪಿನ ಮೇಲಿದ್ದೆವು. ಇಡೀ ದಳದಲ್ಲಿ ಕನ್ನಡ ಮಾತಾಡುತ್ತಿದ್ದವರು ನಾವಿಬ್ಬರೇ.

ಪಂಜಾಬಿನ ಗಡಿ, ಕಬ್ಬಿನ ಗದ್ದೆಯ ಅಂಚು. ಇಪ್ಪತ್ತೆರಡರ ಮಧ್ಯಾಹ್ನ ಹನ್ನೆರಡೂವರೆಗೆ ಕದನ ನಿಲ್ಲುತ್ತದೆಂದು ಮೊದಲು ಮಾತಾಗಿತ್ತು. ಬೆಳಿಗ್ಗೆಯೇ ಶಿವರಾಮು ಗಡ್ಡ ಹೆರೆದುಕೊಂಡು, ಅಂಗಿ ಒಗೆದು ಕಬ್ಬಿನ ಮೇಲೆ ಹರವಿದ. ಆಮೇಲೆ ಸುದ್ದಿ ಬಂತು, ಇನ್ನೂ ಒಪ್ಪಿಗೆ ಆಗಬೇಕಂತೆ, ಮಾರನೆಯ ಬೆಳಗಿನ ಜಾವಕ್ಕೆ ಮುಂದೆ ಹೋಗಿದೆಯಂತೆ. “ಸರಿ, ಅಂಗಿನಾದರೂ ಪೂರ್ತಿ ಒಣಗುತ್ತೆ ಬಿಡು” ಎಂದ.

ಸಂಜೆ ಆ ಕಡೆಯಿಂದ ಒಂದು ಗುಂಡು ಬಂದು ಬಿತ್ತು. ಅವನು ನನ್ನ ಎಡಗಡೆ ನಿಂತಿದ್ದ. ನನಗೆ ಕಿವಿ ಮಾತ್ರ ಹೋಯಿತು.

ಒಲೆಯ ಮೇಲೆ ನಮ್ಮಿಬ್ಬರ ಅನ್ನ ಬೇಯುತ್ತಿತ್ತು. ಅಂದು ಯಾರೂ ತಿನ್ನಲಿಲ್ಲ. ಮುಂದಿನ ವರ್ಷ ಆ ದಿನ ಬಂದಾಗಲೂ ಗಂಟಲಲ್ಲಿ ಇಳಿಯಲಿಲ್ಲ. ಹಾಗೇ ನಡೆದುಬಂತು. ಎಲ್ಲರೂ ಸಿಹಿ ಹಂಚಿದ ದಿನ ಎಂದು ನನಗೂ ಗೊತ್ತು. ಬರೆಯಲು ಕೂತರೆ ಆ ಒಂದು ಸಾಲು ಮಾತ್ರ ಬರುವುದಿಲ್ಲ.

ಗೊಂಬೆ ನೋಡಲು ಬರುತ್ತೇವೆ.

ಇತಿ,
ಮಹಾಲಿಂಗಪ್ಪ


ಪೆರಂಬೂರು
24 ಸೆಪ್ಟೆಂಬರ್ 2025

ಅಂಬುಜಮ್ಮನವರಿಗೆ ನೀಲಗಂಗಮ್ಮನ ಶರಣು.

ನೀವು ಅಡುಗೆಮನೆಯಲ್ಲಿ ಬೋಂಡಾ ಕರಿಯುತ್ತಿದ್ದಿರಿ, ಹರಿಪ್ರಿಯಾ ಒಳಗೆ ಹೆಂಗಸರಿಗೆ ಬಡಿಸುತ್ತಿದ್ದಳು. ಪಡಸಾಲೆಯಲ್ಲಿ ನಡೆದದ್ದನ್ನು ನೀವಿಬ್ಬರೂ ನೋಡಲಿಲ್ಲ. ಹೊರಡುವ ಗಲಾಟೆಯಲ್ಲಿ ಹೇಳಲು ಆಗಲಿಲ್ಲ. ನಾನು ಗೊಂಬೆಗಳ ಪಕ್ಕದಲ್ಲೇ ಇದ್ದೆ, ನಡೆದದ್ದು ನಡೆದ ಹಾಗೆ ಹೇಳುತ್ತೇನೆ.

ಇವರು ಪಂಕ್ತಿಯಲ್ಲಿ ಮರ್ಯಾದೆಗೆ ಕೂತಿದ್ದರು. ಎಲೆಯ ಮೇಲೆ ನೀವು ಬಡಿಸಿದ ಹಯಗ್ರೀವ ಹಾಗೇ ಇತ್ತು. ನಿಮ್ಮ ಮೊಮ್ಮಗಳು ವಿಭಾ ಎದುರಿಗೆ ಬಂದು ಕೂತಳು. ನಾವು ಕನ್ನಡದಲ್ಲಿ ಹೇಳಿದ್ದೆಲ್ಲ ಅವಳಿಗೆ ತಿಳಿಯುತ್ತದೆ, ಉತ್ತರ ಮಾತ್ರ ತಮಿಳು. “ತಾತಾ, ನೀಂಗ ಸಾಪ್ಪಿಡಲಿಯಾ?” ಎಂದು ಕೇಳಿದಳು. ನನ್ನ ಸ್ನೇಹಿತ ತೀರಿಕೊಂಡ ದಿನ ಕಂದ, ಅದಕ್ಕೇ ತಿನ್ನುವುದಿಲ್ಲ ಎಂದರು. ಬೇರೆ ಮಕ್ಕಳಾಗಿದ್ದರೆ ಹೇಗೆ ಸತ್ತರು ಎನ್ನುತ್ತಿದ್ದರು. ಇವಳು “ಅವರ್ ಎಪ್ಪಡಿ ಇರುಪ್ಪಾರ್?” ಎಂದಳು. ಅವರು ಹೇಗಿದ್ದರು ಎಂದು.

ಇವರು ಕೇಳಿಸಲಿಲ್ಲ ಎನ್ನುತ್ತಾರೆಂದು ನಾನು ಕಾದೆ. ಹಾಗನ್ನಲಿಲ್ಲ. ಕುಳ್ಳಗೆ, ಕಿವಿ ಅಗಲ, ಸದಾ ಏನಾದರೊಂದು ಕಿತಾಪತಿ ಎಂದು ಶುರು ಮಾಡಿದರು. ಆಮೇಲೆ ಮುದ್ದೆಯ ಕಥೆ ಬಂತು.

ಶಿವರಾಮುವಿಗೆ ರಾಗಿಮುದ್ದೆ ಇಲ್ಲದೆ ಜೀವ ಹೋದ ಹಾಗಾಗುತ್ತಿತ್ತಂತೆ. ಪಂಜಾಬಿನಲ್ಲಿ ರಾಗಿ ಎಲ್ಲಿ ಸಿಗಬೇಕು? ಒಂದು ದಿನ ಗೋಧಿ ಹಿಟ್ಟನ್ನೇ ಕುದಿಸಿ, ತಿರುವಿ, ಕಲ್ಲಿನಂಥ ಮುದ್ದೆ ಕಟ್ಟಿದನಂತೆ. ಆ ಹೊತ್ತಿಗೆ ಅವರ ಸರ್ದಾರ್ಜಿ ಸುಬೇದಾರರು ಬಂದು, ಇದೇನು ಎಂದು ಕೇಳಿದರು. ನಮ್ಮ ಕಡೆಯ ಪೈಲ್ವಾನರ ಊಟ ಸಾಹೇಬ್, ಅಗಿಯಬಾರದು, ನುಂಗಬೇಕು ಎಂದನಂತೆ ಶಿವರಾಮು. ಸುಬೇದಾರರು ದೊಡ್ಡದೊಂದು ತುತ್ತು ಮುರಿದು ನುಂಗಿದರು. ಅದು ಇಳಿಯಲೂ ಇಲ್ಲ, ಮೇಲೆ ಬರಲೂ ಇಲ್ಲ. ಎರಡು ಲೋಟ ನೀರು ಕುಡಿದ ಮೇಲೆ ಉಸಿರು ಬಂದು, ನಾಳೆಯಿಂದ ಗುಂಡು ಉಳಿಸಿ, ಇದನ್ನೇ ಹಾರಿಸಿ ಎಂದು ಹುಕುಂ ಕೊಟ್ಟರಂತೆ.

ವಿಭಾ ನಕ್ಕೂ ನಕ್ಕೂ ಕೆಮ್ಮು ಹತ್ತಿಸಿಕೊಂಡಳು. ನುಂಗುವುದೆಂದರೆ ಹೇಗೆ ತಾತಾ, ತೋರಿಸಿ ಎಂದಳು. ಇವರು ಮಾತಿನ ಭರದಲ್ಲಿ ಎಲೆಯ ಮೇಲಿದ್ದ ಹಯಗ್ರೀವವನ್ನು ಉಂಡೆ ಮಾಡಿ, ಕತ್ತು ಮೇಲೆತ್ತಿ, ಗುಳುಂ ಎಂದು ನುಂಗಿಬಿಟ್ಟರು.

ಆಮೇಲೆ ಕೈ ನೋಡಿಕೊಂಡರು. ಎಲೆ ನೋಡಿಕೊಂಡರು. ತಿರುಗಿ ನನ್ನನ್ನು ನೋಡಿದರು. ಎದ್ದುಹೋಗುತ್ತಾರೆಂದುಕೊಂಡು ನನ್ನ ಚೀಲ ಕೈಗೆತ್ತಿಕೊಂಡೆ.

“ಗಂಗಾ, ಇದು ಆ ಮುದ್ದೆಗಿಂತ ಎಷ್ಟೋ ವಾಸಿ ಕಣೇ” ಎಂದರು. ಎಂದು ಇನ್ನೊಂದು ಉಂಡೆ ಮಾಡಿದರು.

ನೀವು ಬೋಂಡಾ ತಂದಾಗ ನಾನು ಸೆರಗಿನಿಂದ ಕಣ್ಣೊರೆಸಿಕೊಂಡಿದ್ದು ಹೊಗೆಗೆ ಎಂದೆನಲ್ಲ, ಹೊಗೆಗಲ್ಲ.

ನಿಮ್ಮ
ನೀಲಗಂಗಮ್ಮ


ಪೆರಂಬೂರು
12 ಅಕ್ಟೋಬರ್ 2025

ಅಂಬುಜಮ್ಮನವರಿಗೆ ಶರಣು.

ಗಂಗಾ ನಿಮಗೆ ಎಲ್ಲವನ್ನೂ ಬರೆದಿದ್ದಾಳೆಂದು ಈಗ ಒಪ್ಪಿಕೊಂಡಳು. ನಾನು ಬೈಯಲಿಲ್ಲ.

ಅಂದು ಮೆಟ್ಟಿಲಿಳಿಯುವಾಗ ವಿಭಾ ಒಂದು ಮಾತು ಕೇಳಿದಳು. ಈ ಮುದ್ದೆಯ ಕಥೆ ಅವರ ಮನೆಯವರಿಗೆ ಗೊತ್ತಾ ಎಂದು. ಯುದ್ಧ ಮುಗಿದು, ಕಿವಿಯ ಚಿಕಿತ್ಸೆಯಾಗಿ ನಾನು ಆಸ್ಪತ್ರೆಯಿಂದ ಹೊರಬರುವ ಹೊತ್ತಿಗೆ ತಿಂಗಳುಗಳು ಕಳೆದಿದ್ದವು. ನನ್ನನ್ನು ಕಂಡರೆ ಅವನ ತಾಯಿಗೆ ಸಂಕಟ ಹೆಚ್ಚಾದೀತೆಂದು ಆ ಕಡೆ ಹೋಗಲಿಲ್ಲ. ಆ ತಾಯಿ ಈಗ ಇರಲಾರರು. ಯಾರಿದ್ದಾರೋ ತಿಳಿಯದು. ದೀಪಾವಳಿ ಮುಗಿಸಿ ಹೋಗಿಬರೋಣವೆಂದಿದ್ದೇನೆ. ಶಿವರಾಜ್ ಚನ್ನರಾಯಪಟ್ಟಣಕ್ಕೆ ರೈಲಿನಲ್ಲಿ ಜಾಗ ಕಾದಿರಿಸಿದ್ದಾನೆ. ಗಂಗಾ ಈಗಾಗಲೇ ಸೀರೆ ಮಡಿಸಿಟ್ಟಿದ್ದಾಳೆ.

ಮುಂದಿನ ಸಂಚಿಕೆಗೆ ಎರಡು ಸಾಲು ಕಳಿಸಿದ್ದೇನೆ. ‘ಸೆಪ್ಟೆಂಬರ್ 22ರ ಬಗ್ಗೆ ಬರೆದದ್ದರಲ್ಲಿ ಬಿಟ್ಟುಹೋದವು. 1914, ಮದ್ರಾಸು: ಎಮ್ಡನ್ ಗುಂಡು ಹಾರಿಸಿದ ರಾತ್ರಿ ನುಂಗಂಬಾಕ್ಕದ ಕೆರೆಯ ಏರಿಯಲ್ಲಿ ಒಂದು ಹೆಣ್ಣುಮಗು ಹುಟ್ಟಿತು. 1965, ಪಂಜಾಬು: ತೋಪಿನ ದಳದ ಶಿವರಾಮು ಬೆಳಿಗ್ಗೆ ಅಂಗಿ ಒಗೆದು ಒಣಗಹಾಕಿದ. ಸಂಜೆ ತೀರಿಕೊಂಡ.’ ಇದು ಸೈನ್ಯದ ಚರಿತ್ರೆ ಹೇಗಾಗುತ್ತದೆ ಎಂದು ಸಂಪಾದಕರು ಕೇಳಿ ಕಳಿಸಿದರು. ನನಗೆ ಕೇಳಿಸಲಿಲ್ಲ ಎಂದೆ.

ಇತಿ,
ಮಹಾಲಿಂಗಪ್ಪ


ನುಂಗಂಬಾಕ್ಕಂ
15 ಅಕ್ಟೋಬರ್ 2025

ಮಹಾಲಿಂಗಪ್ಪನವರಿಗೆ ನಮಸ್ಕಾರಗಳು.

ಹೋಗಿಬನ್ನಿ. ಬಾಗಿಲು ಯಾರೇ ತೆಗೆಯಲಿ, ಮೊದಲು ಮುದ್ದೆಯ ಕಥೆ ಹೇಳಿ. ಮಿಕ್ಕದ್ದು ತಾನಾಗಿ ಬರುತ್ತದೆ.

ಹೊರಡುವ ಹಿಂದಿನ ದಿನ ಹುಳಿಯವಲಕ್ಕಿ ಕಟ್ಟಿ ಕಳಿಸುತ್ತೇನೆ, ರೈಲಿಗಾಗುತ್ತದೆ. ನಮ್ಮಲ್ಲಿ ಈರುಳ್ಳಿ ಹಾಕುವುದಿಲ್ಲ, ನೀಲಗಂಗಮ್ಮನವರು ಕ್ಷಮಿಸಬೇಕು.

ಅಂಬುಜಮ್ಮ


ಚನ್ನರಾಯಪಟ್ಟಣ
28 ಅಕ್ಟೋಬರ್ 2025

ಅಂಬುಜಮ್ಮನವರಿಗೆ ಶರಣು.

ನೀವು ಹೇಳಿಕೊಟ್ಟ ಉಪಾಯ ನಡೆಯಲಿಲ್ಲ. ನಡೆದದ್ದೇ ಬೇರೆ.

ಊರಿನಲ್ಲಿ ಶಿವರಾಮುವಿನ ತಂಗಿ ಇದ್ದಾರೆ. ವೆಂಕಟಲಕ್ಷ್ಮಿ ಎಂದು ಹೆಸರು. ಅಣ್ಣ ಹೋದಾಗ ಹತ್ತು ವರ್ಷದ ಹುಡುಗಿ. ಜಗುಲಿಯಲ್ಲಿ ಅವರೆಕಾಯಿ ಬಿಡಿಸುತ್ತಾ ಕೂತಿದ್ದರು. ನಾನು ಹೆಸರು ಹೇಳಿದೆ, ಶಿವರಾಮುವಿನ ಜೊತೆ ಇದ್ದವನು ಎಂದೆ. ದಿಟ್ಟಿಸಿ ನೋಡಿದರು. ಅದೇ ಅಗಲ ಕಿವಿ. ನಾನು ಮುದ್ದೆಯ ಕಥೆಗೆ ಬಾಯಿ ತೆರೆಯುವಷ್ಟರಲ್ಲಿ ಆಕೆಯೇ ಮಾತಾಡಿದರು.

“ಮಹಾಲಿಂಗ ಅಂದ್ರೆ ನೀವೇನಾ? ಮುದ್ದೆ ಮಾಡೋಕೆ ಹಿಟ್ಟು ಕದ್ದು ತಂದುಕೊಟ್ಟೋರು?” ಎಂದರು.

ಅವನು ಅದನ್ನು ಆಗಲೇ ಮನೆಗೆ ಬರೆದಿದ್ದನಂತೆ. ಆ ಮನೆಯಲ್ಲಿ ಆ ಕಥೆಯನ್ನು ಮೂರು ತಲೆಮಾರು ಹೇಳಿಕೊಂಡು ಬಂದಿದ್ದಾರೆ. ಆದರೆ ಅವನು ಬರೆದದ್ದರಲ್ಲಿ ಮುದ್ದೆ ನುಂಗಿದ್ದು ನಮ್ಮ ಸುಬೇದಾರರಲ್ಲ, ದಿಲ್ಲಿಯಿಂದ ಬಂದ ಜನರಲ್ ಸಾಹೇಬರು. ಗಂಟಲಿಗೆ ಸಿಕ್ಕಿದಾಗ ಆನೆ ಕಟ್ಟಿ ಎಳೆದರಂತೆ. ನಾನು ನಿಜ ಹೇಳಲು ಹೋದೆ, ಆಕೆ ಒಪ್ಪಲಿಲ್ಲ. ನೀವು ವಯಸ್ಸಾಗಿ ಮರೆತಿದ್ದೀರಿ ಎಂದರು. ಸೋತೆ.

ಕತ್ತಲಾಗುವವರೆಗೂ ಅವನ ಮಾತೇ. ಆಕೆಗೆ ಗೊತ್ತಿರದ ಮೂರು ವರ್ಷ ನನ್ನ ಹತ್ತಿರ ಇತ್ತು. ನನಗೆ ಗೊತ್ತಿರದ ಹುಡುಗತನ ಆಕೆಯ ಹತ್ತಿರ. ಕೊನೆಯ ಸಂಜೆಯನ್ನೂ ಕೇಳಿದರು. ಹೇಳಿದೆ. ಅಂಗಿ ಒಗೆದದ್ದನ್ನು ಹೇಳಿದಾಗ, ಅಮ್ಮ ಬೈದೂ ಬೈದೂ ಸಾಕಾಗಿದ್ದರು, ಕೊನೆಗಾದರೂ ಒಗೆದನಲ್ಲ ಎಂದು ಅತ್ತರು, ಅಳುತ್ತಲೇ ನಕ್ಕರು.

ನಾಲ್ಕು ದಿನವಾಯಿತು, ಬಿಡುತ್ತಿಲ್ಲ. ಗಂಗಾ ಈ ಮನೆಯ ಹಿತ್ತಲನ್ನೇ ತನ್ನದು ಮಾಡಿಕೊಂಡಿದ್ದಾಳೆ. ವೆಂಕಟಲಕ್ಷ್ಮಿ ಈವರೆಗೆ ಸಮುದ್ರ ನೋಡಿಲ್ಲ. ಮದ್ರಾಸಿಗೆ ಕರೆದುಕೊಂಡು ಹೋಗಿ ತೋರಿಸುತ್ತೇನೆಂದು ಅಣ್ಣ ಮಾತು ಕೊಟ್ಟಿದ್ದನಂತೆ. ಆಮೇಲೆ ಯಾರು ಕರೆದರೂ ಹೋಗಲಿಲ್ಲವಂತೆ. ನಾನು ಬರುತ್ತೀರಾ ಎಂದು ಕೇಳಿದೆ. ಒಳಗೆ ಹೋಗಿ ಚೀಲ ತಂದರು.

ನಾಡಿದ್ದು ಮೂವರೂ ಹೊರಡುತ್ತೇವೆ. ನಿಮ್ಮ ಮನೆಯಲ್ಲಿ ಒಂದು ಎಲೆ ಹೆಚ್ಚಿಗೆ ಹಾಕಬೇಕು.

ನಿಮ್ಮ
ಮಹಾಲಿಂಗಪ್ಪ


ಚನ್ನರಾಯಪಟ್ಟಣದ ಹತ್ತಿರದ ಊರಿನಿಂದ
25 ನವೆಂಬರ್ 2025

ಮಹಾಲಿಂಗಣ್ಣನಿಗೆ ತಂಗಿ ವೆಂಕಟಲಕ್ಷ್ಮಿಯ ನಮಸ್ಕಾರ.

ಸುಖವಾಗಿ ಊರು ಸೇರಿದೆ. ನೀಲಗಂಗಕ್ಕ ಕೊಟ್ಟ ಸೀರೆಯನ್ನು ಬೀದಿಗೆಲ್ಲ ತೋರಿಸಿ ಆಯಿತು. ಅಂಬುಜಮ್ಮನವರ ಹಯಗ್ರೀವ ಮಾಡಲು ನೋಡಿದೆ, ತಳ ಹಿಡಿಯಿತು. ವಿಭಾ ಫೋನಿನಲ್ಲಿ ನನ್ನ ಜೊತೆ ಕನ್ನಡದಲ್ಲೇ ನಾಲ್ಕು ಮಾತಾಡಿದಳು, ಅವರಜ್ಜಿಗೆ ಹೇಳಿ.

ನಿಮಗೊಂದು ಹೇಳಬೇಕು. ಅಂದು ಬೀಚಿನಲ್ಲಿ ನಾನು ನೀರಿನ ಹತ್ತಿರ ನಿಂತು ಸುಮ್ಮನಾದೆ. ನೀವೆಲ್ಲ ನನಗೆ ದುಃಖ ಬಂತೆಂದು ತಿಳಿದು ದೂರ ನಿಂತಿರಿ. ಹಾಗಲ್ಲ ಅಣ್ಣ. ನಮ್ಮ ಶಿವರಾಮಣ್ಣ ಕೊನೆಯ ರಜೆಯಲ್ಲಿ ಬಂದಾಗ, ಮದ್ರಾಸಿನ ಅಲೆ ಬೆಳಗೊಳದ ಗೊಮ್ಮಟನ ಸೊಂಟಕ್ಕೆ ಬರುತ್ತದೆ ಲಕ್ಷ್ಮೀ ಎಂದು ನನ್ನ ತಲೆ ಮುಟ್ಟಿ ಆಣೆ ಮಾಡಿದ್ದ. ಅಷ್ಟು ವರ್ಷವೂ ಅದನ್ನೇ ಮನಸ್ಸಿನಲ್ಲಿ ನೋಡುತ್ತಿದ್ದೆ. ಅಂದು ಕಾದೆ, ಇನ್ನೂ ದೊಡ್ಡದು ಬರುತ್ತದೇನೋ ಎಂದು ಕಾದೆ. ಬಂದ ಅಲೆಗಳೆಲ್ಲ ನನ್ನ ಮೊಣಕಾಲಿಗೂ ಬರಲಿಲ್ಲ.

ನಾನು ಬಾಯಿ ಮುಚ್ಚಿಕೊಂಡು ನಿಂತದ್ದು ನಗು ತಡೆಯಲಾರದೆ. ಅರವತ್ತು ವರ್ಷ ಆದ ಮೇಲೆ ಅವನ ಒಂದು ಸುಳ್ಳನ್ನು ಕಣ್ಣಾರೆ ಹಿಡಿದೆ. ಎದುರಿಗಿದ್ದಿದ್ದರೆ ಕಿವಿ ಹಿಂಡುತ್ತಿದ್ದೆ.

ಯುಗಾದಿಗೆ ನೀವೂ ಅಕ್ಕನೂ ಇಲ್ಲಿಗೇ ಬರಬೇಕು. ಮುದ್ದೆಗೆ ಈ ಸಲ ರಾಗಿ ಹಿಟ್ಟೇ ಇದೆ.

ಇಂತಿ ನಿಮ್ಮ ತಂಗಿ,
ವೆಂಕಟಲಕ್ಷ್ಮಿ